ಮಲ್ಲನಮೂಲೆಯಲ್ಲಿ ಕಾರು ತಿರುಗಿಸಿದ ಬೆಳಿಗ್ಗೆ

ನಮ್ಮ ಮನೆ ಮೈಸೂರಿನ ಶ್ರೀರಾಂಪುರದಲ್ಲಿ. ಕೆಲಸ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ. 2012ರಿಂದ ಇದೇ ದಾರಿ. ಕಡಕೊಳ, ತಾಂಡವಪುರ, ಮಲ್ಲನಮೂಲೆ ಮಠ, ಕಪಿಲೆಯ ಸೇತುವೆ, ಆಮೇಲೆ ಊರು. ಎಲ್ಲಿ ಗುಂಡಿ ಇದೆ, ಯಾವ ಹಂಪ್‌ನ ಬಣ್ಣ ಅಳಿಸಿಹೋಗಿದೆ, ಯಾವ ತಿರುವಿನಲ್ಲಿ ದನ ಅಡ್ಡ ಬರುತ್ತವೆ, ಎಲ್ಲವೂ ಗೊತ್ತು. ಯೋಚನೆ ಮಾಡುವ ಮೊದಲೇ ಕಾಲು ಬ್ರೇಕಿನ ಮೇಲೆ ಹೋಗಿರುತ್ತದೆ. ದಿನಾ ಓಡಾಡುವವರಿಗೆಲ್ಲ ಇಂಥ ಒಂದು ದಾರಿ ಇರುತ್ತದೆ ಅಲ್ವಾ?

ಹೊಳೆ ಬಂದ ದಿನ ನನ್ನನ್ನು ಅಪಾಯಕ್ಕೆ ತಳ್ಳಿದ್ದು ಈ ಸಲುಗೆಯೇ. ಜುಲೈ ತಿಂಗಳಲ್ಲಿ ಪತ್ರಿಕೆಯವರು ಕೆ.ಆರ್.ಎಸ್. ಮಟ್ಟವನ್ನು ಮುಖಪುಟಕ್ಕೆ ತಂದಾಗಲೆಲ್ಲ ಆ ಎರಡು ಬೆಳಿಗ್ಗೆ ನೆನಪಾಗುತ್ತವೆ. ಬರೆಯೋಣ ಅಂದುಕೊಳ್ಳುತ್ತೇನೆ, ಮಳೆ ನಿಲ್ಲುತ್ತದೆ, ಮರೆತುಬಿಡುತ್ತೇನೆ. ಈ ಸಲ ಬರೆದೇ ಬಿಡುತ್ತಿದ್ದೇನೆ.

ನಮ್ಮ ಕಡೆಯ ಪ್ರವಾಹಕ್ಕೆ ಒಂದು ವಿಚಿತ್ರ ಗುಣವಿದೆ. ಅದು ಬಿಸಿಲಿನಲ್ಲೂ ಬರುತ್ತದೆ. ಕಪಿಲೆ, ಅಂದರೆ ಕಬಿನಿ, ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ನಾಲ್ಕು ದಿನ ಬಿಡದೆ ಸುರಿದರೆ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಕಬಿನಿ ಜಲಾಶಯ ತುಂಬುತ್ತದೆ. ಕೆ.ಆರ್.ಎಸ್.ನಲ್ಲಿ ಸುಮಾರು 49 ಟಿಎಂಸಿ ನೀರು ಹಿಡಿಯುತ್ತದೆ. ಕಬಿನಿಯಲ್ಲಿ ಹಿಡಿಯುವುದು 19.5 ಮಾತ್ರ. ಸಣ್ಣ ಪಾತ್ರೆ ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದಷ್ಟು ನೀರನ್ನು ಬಿಡಲೇಬೇಕು. ಆ ನೀರು ಇಳಿದು ಬರುವುದು ನೇರ ನಂಜನಗೂಡಿಗೆ. ಮೈಸೂರಿನಲ್ಲಿ ಮಹಡಿ ಮೇಲೆ ಹಪ್ಪಳ ಒಣಗಿಸುವಷ್ಟು ಬಿಸಿಲಿದ್ದರೂ ಮಲ್ಲನಮೂಲೆಯಲ್ಲಿ ರಸ್ತೆಗೆ ನೀರು ಹತ್ತಿರಬಹುದು. ಆಕಾಶ ನೋಡಿ ಹೊರಡುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

2019ರ ಆಗಸ್ಟ್‌ನಲ್ಲಿ ಕಬಿನಿಯಿಂದ 1 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಟ್ಟರು. ಕ್ಯೂಸೆಕ್ ಅನ್ನುವ ಮಾತನ್ನು ನಾವೆಲ್ಲ ದಿನಾ ಓದುತ್ತೇವೆ, ಆದರೆ ಅದು ಕಣ್ಣಿಗೆ ಕಟ್ಟುವುದಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ನೀರಿನ ಟ್ಯಾಂಕರ್‌ಗೆ 5,000 ಲೀಟರ್ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. 1 ಲಕ್ಷ ಕ್ಯೂಸೆಕ್ ಅಂದರೆ ಒಂದೊಂದು ಸೆಕೆಂಡಿಗೂ 500ಕ್ಕೂ ಹೆಚ್ಚು ಟ್ಯಾಂಕರ್ ಸುರಿದ ಹಾಗೆ. ಈ ಲೆಕ್ಕ ಹಾಕಿ ನೋಡಿದ ದಿನ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಮೊದಲ ಬೆಳಿಗ್ಗೆ 2018ರ ಆಗಸ್ಟ್‌ನದು. ಕಾರಿನಲ್ಲಿ ನಾವು ನಾಲ್ವರು. ಪೆಟ್ರೋಲ್ ಖರ್ಚು ಹಂಚಿಕೊಂಡು ಒಟ್ಟಿಗೆ ಹೋಗುತ್ತಿದ್ದೆವು. ಮಲ್ಲನಮೂಲೆ ಹತ್ತಿರ ರಸ್ತೆ ಮೇಲೆ ನೀರಿತ್ತು. ಬ್ಯಾರಿಕೇಡ್ ಇನ್ನೂ ಹಾಕಿರಲಿಲ್ಲ. ಮುಂದೆ ಒಂದು ಬಸ್ ನಿಧಾನಕ್ಕೆ ನೀರನ್ನು ಸೀಳಿಕೊಂಡು ಹೋಯಿತು. ಅದರ ಹಿಂದೆಯೇ ನಾನೂ ಬಿಟ್ಟೆ. ಮೊದಲ ಗೇರು, ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಲಿಲ್ಲ. ಕಾಲಡಿಯ ತಗಡಿಗೆ ನೀರು ಬಡಿಯುವ ಸದ್ದು ಕೇಳುತ್ತಿತ್ತು. ಒಂದು ಕಡೆ ಸ್ಟೀರಿಂಗ್ ಹಗುರವಾಯಿತು, ಎರಡು ಸೆಕೆಂಡು ಇರಬೇಕು, ಮತ್ತೆ ಬಿಗಿಯಾಯಿತು. ಆ ಕಡೆ ಹತ್ತಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಇದನ್ನು ಮೂರು ಸಲ ಹೇಳಿದೆ. ಒಂದೊಂದು ಸಲ ಹೇಳಿದಾಗಲೂ ನೀರು ಸ್ವಲ್ಪ ಏರುತ್ತಿತ್ತು, ನನ್ನ ಧೈರ್ಯವೂ ಏರುತ್ತಿತ್ತು.

ಆ ದಿನ ಕಾರು ಅಲ್ಲೇ ಕೆಟ್ಟು ನಿಂತಿದ್ದರೆ ಒಳ್ಳೆಯದಿತ್ತೇನೋ ಅಂತ ಈಗ ಅನ್ನಿಸುತ್ತದೆ. ದಾಟಿಬಿಟ್ಟದ್ದೇ ತಪ್ಪು ಪಾಠ ಕಲಿಸಿತು. ಇಷ್ಟು ನೀರಿಗೆ ಏನೂ ಆಗಲ್ಲ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು.

ಮರುವರ್ಷ ಅದೇ ಆಗಸ್ಟ್, ಅದೇ ಜಾಗ. ಬೆಳಿಗ್ಗೆ ಏಳು ಮುಕ್ಕಾಲು ಇರಬಹುದು. ಈ ಸಲ ನೀರು ಇನ್ನೂ ಅಗಲಕ್ಕೆ ಹರಡಿತ್ತು. ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿಯುತ್ತಿತ್ತು. ಕಸ ಕಡ್ಡಿ ರಸ್ತೆಯನ್ನು ಅಡ್ಡಕ್ಕೆ ದಾಟಿ ಹೋಗುತ್ತಿದ್ದವು. ಕಾರು ನಿಲ್ಲಿಸಿ ನೋಡಿದೆ. ಎದುರಿನಿಂದ ಒಂದು ಲಾರಿ ಬಂತು. ಸರಿ, ಹೋಗಬಹುದು ಅಂತ ಗೇರ್ ಹಾಕಿದೆ.

ಹಿಂದಿನ ಸೀಟಿನಲ್ಲಿ ಲ್ಯಾಬ್‌ಗೆ ಹೊಸದಾಗಿ ಸೇರಿದ ಹುಡುಗಿ ಇದ್ದಳು. ನಮ್ಮೆಲ್ಲರಿಗಿಂತ ಚಿಕ್ಕವಳು. ಕಾರಿನಲ್ಲಿ ಮಾತೇ ಆಡುತ್ತಿರಲಿಲ್ಲ. ಅವಳು ಬಾಗಿಲು ತೆಗೆದಳು.

"ಮೇಡಂ, ತಪ್ಪು ತಿಳ್ಕೋಬೇಡಿ. ನಾನು ಇಲ್ಲೇ ಇಳ್ಕೋತೀನಿ."

ಅಷ್ಟೇ. ಇಳಿದು ರಸ್ತೆ ಬದಿಯಲ್ಲಿ ಬ್ಯಾಗ್ ಹಿಡಿದು ನಿಂತಳು. ಅವಳ ಕೈ ನಡುಗುತ್ತಿತ್ತು. ನನಗೆ ಮೊದಲು ಬಂದದ್ದು ಕೋಪ. ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲವೇ ಅಂತ. ಆಮೇಲೆ ಕನ್ನಡಿಯಲ್ಲಿ ಉಳಿದಿಬ್ಬರ ಮುಖ ನೋಡಿದೆ. ಅವರಿಗೂ ಇಳಿಯಬೇಕಿತ್ತು, ಹೇಳಲು ಸಂಕೋಚ. ಸ್ಟೋರ್ಸ್‌ನ ಹಿರಿಯರೊಬ್ಬರು ಮೆಲ್ಲಗೆ, "ಹೌದಮ್ಮ, ಹೊಳೆ ಜೋರಾಗದೆ, ಬ್ಯಾಡ" ಅಂದರು. ವರ್ಷದ ಹಿಂದೆ ಇವರೇ ಚಪ್ಪಾಳೆ ತಟ್ಟಿದ್ದರು. ಆ ದಿನವೂ ಒಳಗೆ ಹೆದರಿದ್ದರು ಅಂತ ನನಗೆ ಗೊತ್ತಾಗಿದ್ದು ಆಗಲೇ.

ಕಾರು ತಿರುಗಿಸಿದೆ. ಆ ಹೊತ್ತಿಗೆ ನಮ್ಮ ಹಿಂದೆ ಏಳೆಂಟು ಗಾಡಿ ನಿಂತಿದ್ದವು. ನಾವು ತಿರುಗಿಸಿದ್ದು ನೋಡಿ ಅವರೂ ಒಬ್ಬೊಬ್ಬರಾಗಿ ತಿರುಗಿಸಿದರು. ಬಸ್ ಹೋಯಿತು ಅಂತ ನಾನು ಹೋದ ಹಾಗೆಯೇ, ನಾನು ವಾಪಸ್ ಬಂದೆ ಅಂತ ಅವರು ಬಂದರು. ಆಮೇಲೆ ರಸ್ತೆ ಬಂದ್ ಮಾಡಿದರು. ನೀರಿಳಿದ ಮೇಲೆ ಹೋದಾಗ ನೋಡಿದೆ: ಟಾರಿನ ಅಂಚಿಗೆ ಅಂಟಿಕೊಂಡಿದ್ದ ಮಣ್ಣೆಲ್ಲ ಕೊಚ್ಚಿಹೋಗಿತ್ತು. ಅಂಚು ಬರೀ ಗಾಳಿಯಲ್ಲಿ ಚಾಚಿಕೊಂಡಂತಿತ್ತು. ಮಣ್ಣು ಬಣ್ಣದ ನೀರಿನ ಮೇಲಿನಿಂದ ಅದು ಯಾರಿಗೆ ಕಾಣುತ್ತದೆ? ನನಗೆ ಗೊತ್ತಿದ್ದ ರಸ್ತೆ ನೀರಿನ ಅಡಿಯಲ್ಲಿ ಬೇರೆಯೇ ಆಗಿತ್ತು.

ಆ ಎರಡು ಸೆಕೆಂಡು ಸ್ಟೀರಿಂಗ್ ಹಗುರವಾಗಿದ್ದರ ಅರ್ಥ ತಿಳಿದದ್ದು ಇನ್ನೂ ತಡವಾಗಿ. ನಮ್ಮ ಮೆಂಟೆನೆನ್ಸ್ ವಿಭಾಗದವರೊಬ್ಬರು ಹಳೆಯ ಚಲನ್ ಹಿಂದೆ ಲೆಕ್ಕ ಬರೆದು ತೋರಿಸಿದರು. ನನ್ನ ಸಣ್ಣ ಕಾರಿನ ಉದ್ದ ಅಗಲ ಗುಣಿಸಿದರೆ ಹತ್ತಿರ ಹತ್ತಿರ 6 ಚದರ ಮೀಟರ್. ಅದರ ತಳ 10 ಸೆಂಟಿಮೀಟರ್ ಮುಳುಗಿದರೆ ನೀರು ಅದನ್ನು ಸುಮಾರು 600 ಕೆಜಿಯಷ್ಟು ಮೇಲಕ್ಕೆ ಎತ್ತುತ್ತದೆ. 15 ಸೆಂಟಿಮೀಟರ್ ಮುಳುಗಿದರೆ 900 ಕೆಜಿ. ಕಾರಿನ ತೂಕವೇ ಅಷ್ಟಿಲ್ಲ. ನೆಲದಿಂದ ಕಾರಿನ ತಳಕ್ಕೆ ಇರುವ ಎತ್ತರ 17 ಸೆಂಟಿಮೀಟರ್. ಎರಡನ್ನೂ ಕೂಡಿಸಿ. ಒಂದು ಅಡಿಗಿಂತ ಚೂರು ಜಾಸ್ತಿ ನೀರು ಬಂದರೆ ಕಾರು ದೋಣಿ. ದೋಣಿಗಾದರೆ ಹುಟ್ಟು ಇರುತ್ತದೆ, ಕಾರಿಗೆ ಏನಿದೆ? ಪೂರ್ತಿ ತೇಲುವ ಮೊದಲೇ ಟೈರಿನ ಹಿಡಿತ ಹೋಗಿರುತ್ತದೆ. ನೀರು ಹರಿಯುತ್ತಿದ್ದರೆ ಇನ್ನೂ ಕಷ್ಟ. ಹರಿವಿನ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ದೊಡ್ಡ ಗಾಡಿ ಇಟ್ಟುಕೊಂಡವರು ತಮಗೆ ಇದು ಅನ್ವಯಿಸಲ್ಲ ಅಂದುಕೊಳ್ಳುತ್ತಾರೆ. ಹರಿಯುವ ನೀರು ಎರಡು ಅಡಿ ಇದ್ದರೆ ಅವರ ಗಾಡಿಯೂ ಹೋಗುತ್ತದೆ. ನಡೆದು ಹೋಗುವವರಿಗೆ ಅರ್ಧ ಅಡಿ ರಭಸದ ನೀರೇ ಸಾಕು, ಕಾಲು ಕಿತ್ತುಬಿಡುತ್ತದೆ.

ಬಸ್ಸಿನ ಹಿಂದೆ ಹೋಗುವುದು ಯಾಕೆ ತಪ್ಪು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಬಸ್ಸು ಹತ್ತು ಟನ್‌ನ ಲೆಕ್ಕದ್ದು, ಅದರ ನೆಲ ನಮ್ಮ ಸೊಂಟದ ಎತ್ತರಕ್ಕಿರುತ್ತದೆ. ಅದು ಸೀಳಿದ ನೀರು ಎರಡು ಬದಿಯಿಂದ ಮತ್ತೆ ಕೂಡಿಕೊಳ್ಳುವಾಗ ನಡುವೆ ಸಿಕ್ಕುವುದು ನಾವು. ಅಲೆ ಬಾನೆಟ್ ಮೇಲೆ ಏರುತ್ತದೆ. ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಸಣ್ಣ ಕಾರುಗಳಲ್ಲಿ ಹೆಚ್ಚುಕಮ್ಮಿ ಹೆಡ್‌ಲೈಟ್ ಎತ್ತರದಲ್ಲಿರುತ್ತದೆ. ಅಲ್ಲಿಗೆ ನೀರು ನುಗ್ಗಿದರೆ ಇಂಜಿನ್ ಒಳಗೆ ಪಿಸ್ಟನ್ ನೀರನ್ನು ಒತ್ತಲು ಹೋಗುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಒಳಗಿನ ರಾಡ್ ಬಾಗುತ್ತದೆ. ನೀರಿನಲ್ಲಿ ಇಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ ಅಂತ ಮೆಕ್ಯಾನಿಕ್‌ಗಳು ಬಾಯಿ ಬಿಟ್ಟು ಹೇಳುವುದು ಇದಕ್ಕೇ. ಇನ್ಶೂರೆನ್ಸ್ ವಿಷಯ ಹೇಳಿಬಿಡುತ್ತೇನೆ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಪ್ರವಾಹದ ಹಾನಿಗೆ ಏನೂ ಸಿಗಲ್ಲ. ಪೂರ್ಣ ಪಾಲಿಸಿ ಇದ್ದರೂ ಇಂಜಿನ್‌ಗೆ ನೀರು ಹೋಗಿ ಆದ ನಷ್ಟಕ್ಕೆ ಸಾಮಾನ್ಯವಾಗಿ ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ದುಡ್ಡು ಕಟ್ಟಿರಬೇಕು. ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಿ.

ಕಾರು ಹೋದರೆ ಹೋಯಿತು. ನನಗೆ ನಿದ್ದೆ ಕೆಡಿಸುವುದು ಬಾಗಿಲಿನ ಲೆಕ್ಕ. ಬಾಗಿಲಿನ ಹೊರಗೆ ಎರಡು ಅಡಿ ನೀರು ನಿಂತು, ಒಳಗೆ ಇನ್ನೂ ನೀರು ತುಂಬಿಲ್ಲದಿದ್ದರೆ, ಆ ಬಾಗಿಲನ್ನು ಸುಮಾರು 180 ಕೆಜಿ ತೂಕ ಹೊರಗಿನಿಂದ ಒತ್ತಿ ಹಿಡಿದಂತೆ. ಮೂರು ಜನ ದೊಡ್ಡವರು ಒರಗಿ ನಿಂತ ಬಾಗಿಲನ್ನು ಕೂತಲ್ಲಿಂದ ತಳ್ಳಿ ತೆಗೆಯುವುದು ಆಗುವ ಮಾತಲ್ಲ. ಅದಕ್ಕೇ ಬಾಗಿಲ ಆಸೆ ಬಿಟ್ಟು ಕಿಟಕಿಗೆ ಕೈ ಹಾಕಬೇಕು. ಮೊದಲ ಒಂದು ನಿಮಿಷವೇ ಎಲ್ಲ. ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ಹಿಂದೆಯೇ ನೀವು ಹೊರಬನ್ನಿ. ದಡಕ್ಕೆ ಹೋಗಲಾಗದಿದ್ದರೆ ಕಾರಿನ ಮೇಲೆ ಹತ್ತಿ. ಫೋನ್ ಮಾಡುವುದು, ಬ್ಯಾಗ್ ಹುಡುಕುವುದು ಎಲ್ಲ ಆಮೇಲೆ. ಹೊರಬಂದ ಮೇಲೆ 112ಕ್ಕೆ ಕರೆ ಮಾಡಿ. ಕರೆಂಟಿನಿಂದ ಏರಿಳಿಯುವ ಕಿಟಕಿ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಆಮೇಲೆ ಕೈಕೊಡುತ್ತದೆ. ಆಗ ಗಾಜು ಒಡೆಯಬೇಕು. ಮುಂದಿನ ದೊಡ್ಡ ಗಾಜಿಗೆ ಹೊಡೆದು ಶಕ್ತಿ ಕಳೆದುಕೊಳ್ಳಬೇಡಿ. ಅದರೊಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಬಿರುಕು ಬಿಡುತ್ತದೆ, ದಾರಿ ಕೊಡುವುದಿಲ್ಲ. ಪಕ್ಕದ ಗಾಜಿನ ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆದರೆ ಪುಡಿಯಾಗುತ್ತದೆ. ಇದಕ್ಕೆಂದೇ ಸಣ್ಣ ಸುತ್ತಿಗೆ ಸಿಗುತ್ತದೆ, ಬೆಲ್ಟ್ ಕತ್ತರಿಸುವ ಬ್ಲೇಡ್ ಕೂಡ ಅದರಲ್ಲೇ ಇರುತ್ತದೆ. ನನ್ನದು ಡ್ರೈವರ್ ಬಾಗಿಲಿನ ಜೇಬಿನಲ್ಲಿದೆ. ಮೊದಲು ಡಿಕ್ಕಿಯಲ್ಲಿ ಇಟ್ಟಿದ್ದೆ. ಮುಳುಗುವ ಕಾರಿನಲ್ಲಿ ಡಿಕ್ಕಿಗೆ ಯಾರು ಹೋಗಿ ಬರುತ್ತಾರೆ?

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆ ನೀರಿಗೆ ಕಾರು ಸಿಕ್ಕಿಹಾಕಿಕೊಂಡು ಒಬ್ಬ ಯುವತಿ ತೀರಿಕೊಂಡರು. ಮನೆಯವರ ಜೊತೆ ಊರು ನೋಡಲು ಹೊರಟಿದ್ದರು. ವಿಧಾನಸೌಧಕ್ಕೆ ಕೂಗಳತೆಯ ಜಾಗ ಅದು. ಸುತ್ತ ಜನ ಇದ್ದರು, ಬೆಳಕಿತ್ತು, ಹೊಳೆ ಇರಲಿಲ್ಲ. ಆ ಸುದ್ದಿ ಓದಿದ ದಿನ ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯ ಸರ್ವಿಸ್ ರಸ್ತೆಗಳ ಅಂಡರ್‌ಪಾಸ್‌ಗಳೇ ಕಣ್ಣ ಮುಂದೆ ಬಂದವು. ಅಲ್ಲಿ ಮೇಲಿನಿಂದ ನೋಡಿದರೆ ನೀರು ಕನ್ನಡಿಯ ಹಾಗೆ ಸಪಾಟಾಗಿರುತ್ತದೆ. ರಸ್ತೆ ಅದರೊಳಗೆ ಇಳಿಯುತ್ತಾ ಹೋಗುತ್ತದೆ. ಈ ಕಡೆ ಅರ್ಧ ಅಡಿ, ಹತ್ತು ಮಾರು ಮುಂದೆ ಆರು ಅಡಿ. ಗೋಡೆಯ ಮೇಲೆ ಅಳತೆ ಗುರುತು ಹಾಕಿದ್ದರೆ ನೋಡಿ. ಇಲ್ಲದಿದ್ದರೆ, ಅಂಡರ್‌ಪಾಸಿನಲ್ಲಿ ನೀರು ನಿಂತಿದೆ ಅಂದರೆ ಅದು ಮುಚ್ಚಿದೆ ಅಂತಲೇ ನನ್ನ ಲೆಕ್ಕ. ಕಾಯುತ್ತೇನೆ, ಇಲ್ಲವೇ ಸುತ್ತಿ ಹೋಗುತ್ತೇನೆ.

ನಾನು ಹುಟ್ಟಿದ್ದು ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿ. ಮಂಡ್ಯ ಜಿಲ್ಲೆಯವರಿಗೆ ನೀರಿನ ಭಯ ಹೊಳೆಗಿಂತ ಹೆಚ್ಚಾಗಿ ನಾಲೆಯದು. ವಿ.ಸಿ. ನಾಲೆಯೇ ನಮಗೆ ಅನ್ನ ಕೊಟ್ಟದ್ದು. ಗದ್ದೆ, ಕಬ್ಬು, ಆಲೆಮನೆ ಎಲ್ಲ ಅದರ ಪುಣ್ಯ. ಆದರೆ ಏರಿಯ ಮೇಲೆಯೇ ರಸ್ತೆ, ಎಷ್ಟೋ ಕಡೆ ತಡೆಗೋಡೆಯೂ ಇಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಸತ್ತರು. ಅದು ಹಾಡಹಗಲು, ಮಳೆಯೂ ಇರಲಿಲ್ಲ. ಸತ್ತವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳಿದ್ದರು. ನಮ್ಮ ಕಡೆ ಆ ವಾರ ಯಾರ ಮನೆಯಲ್ಲೂ ಊಟ ಸೇರಲಿಲ್ಲ.

ಆಮೇಲೆ ಅಪ್ಪ ಒಂದು ನಿಯಮ ಮಾಡಿದರು. ಮಳೆಗಾಲದಲ್ಲಿ ನಾನು ಊರಿಗೆ ಬರುವುದಿದ್ದರೆ ಸಂಜೆ ಐದರೊಳಗೆ ತಲುಪಬೇಕು. ತಡವಾದರೆ ಫೋನ್ ಬರುತ್ತದೆ. "ಬ್ಯಾಡ ಕಣವ್ವ, ಕತ್ಲಾಯ್ತು. ನಾಲೆ ಮ್ಯಾಲೆ ಬರ್ಬ್ಯಾಡ. ಅಲ್ಲೇ ಉಳ್ಕೊ, ಬೆಳಿಗ್ಗೆ ಬಾ." ನಾನು ಮೊದಮೊದಲು ರೇಗುತ್ತಿದ್ದೆ. ಹುಟ್ಟಿದಾಗಿನಿಂದ ನೋಡಿದ ದಾರಿ, ಏನಾಗುತ್ತೆ ಅಂತ. ಕೆರೆ ಕೋಡಿ ಬಿದ್ದಾಗಲಂತೂ ಅಪ್ಪ ಆ ದಾರಿಯ ಮಾತೇ ಎತ್ತುವುದಿಲ್ಲ. ಕೋಡಿ ನೀರು ರಸ್ತೆ ಮೇಲೆ ಹರಿಯುವಾಗ ಎಲ್ಲಿ ಟಾರು ಮುಗಿಯುತ್ತದೆ, ಎಲ್ಲಿ ಹಳ್ಳ ಶುರುವಾಗುತ್ತದೆ ಅಂತ ಹೆಡ್‌ಲೈಟ್ ಬೆಳಕಿನಲ್ಲಿ ಕಾಣುವುದೇ ಇಲ್ಲ. ಎರಡೂ ಒಂದೇ ಥರ ಹೊಳೆಯುತ್ತವೆ. ಎಪ್ಪತ್ತು ವರ್ಷ ಆ ಏರಿ ಮೇಲೆ ನಡೆದ ಅಪ್ಪನೇ ಅದನ್ನು ಗೊತ್ತಿರುವ ದಾರಿ ಅಂತ ಹೇಳುವುದಿಲ್ಲ.

ಇನ್ನೊಂದು ಮಾತು ಬರೆಯಲೇಬೇಕು, ಯಾರಿಗಾದರೂ ಬೇಸರವಾದರೂ ಪರವಾಗಿಲ್ಲ. ಆ ಎರಡೂ ಬೆಳಿಗ್ಗೆ ನಾನು ನೀರಿಗೆ ಇಳಿಯಲು ಹೊರಟದ್ದು ಧೈರ್ಯದಿಂದ ಮಾತ್ರವೇ? ಎಂಟು ಗಂಟೆಗೆ ಹಾಜರಿ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಟ್. 2019ರಲ್ಲಿ ಕಾರು ತಿರುಗಿಸಿ ಫೋನ್ ಮಾಡಿದಾಗ, ಬೇರೆಯವರು ಬಂದಿದ್ದಾರಲ್ಲ, ನಿಮಗೇನು ಅಂತ ಕೇಳಿದರು. ಆ ಪ್ರಶ್ನೆ ಎಷ್ಟು ಜನರನ್ನು ನೀರಿಗೆ ಇಳಿಸುತ್ತದೋ. ಕಾರ್ಖಾನೆಗಳ, ಕಚೇರಿಗಳ ಮೇಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ. ಡ್ಯಾಂ ಬಾಗಿಲು ತೆಗೆದ ದಿನ ಹೊಳೆ ದಾಟಿ ಬರುವವರಿಗೆ ಹಿಂದಿನ ರಾತ್ರಿಯೇ ಒಂದು ಮೆಸೇಜ್ ಹಾಕಿ: ನಾಳೆ ತಡವಾದರೂ ಸರಿ, ಬರದಿದ್ದರೂ ಸರಿ. ಆ ಒಂದು ಸಾಲು ಬಂದರೆ ಗೇರ್ ಹಾಕುವ ಕೈ ತಾನೇ ನಿಲ್ಲುತ್ತದೆ. ಇದನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ಈಗ ನಮ್ಮ ಕಾರಿನವರದು ಒಂದು ವಾಟ್ಸಾಪ್ ಗುಂಪು ಇದೆ. ಮಳೆಗಾಲದಲ್ಲಿ ರಾತ್ರಿ ಒಂಬತ್ತಕ್ಕೆ ಯಾರಾದರೊಬ್ಬರು ಕಬಿನಿಯ ಒಳಹರಿವು, ಹೊರಹರಿವು ಹಾಕುತ್ತಾರೆ. ನಂಜನಗೂಡಿನಲ್ಲೇ ಇರುವ ಒಬ್ಬ ಸಹೋದ್ಯೋಗಿ ಹದಿನಾರು ಕಾಲು ಮಂಟಪದ ಫೋಟೋ ಕಳಿಸುತ್ತಾರೆ. ಮಂಟಪ ಮುಳುಗುತ್ತಾ ಬಂದರೆ ಮಾರನೆಯ ದಿನದ ಮಾತು ರಾತ್ರಿಯೇ ಆಗುತ್ತದೆ. ನೀರಿನ ಎದುರು ನಿಂತು, ಹಿಂದಿನವರು ಹಾರ್ನ್ ಹೊಡೆಯುತ್ತಿರುವಾಗ, ಗಡಿಯಾರ ಓಡುತ್ತಿರುವಾಗ ಸರಿಯಾದ ತೀರ್ಮಾನ ಬರುವುದಿಲ್ಲ. ನಮ್ಮದು ಮನೆಯಲ್ಲೇ ಆಗುತ್ತದೆ, ಊಟ ಆದ ಮೇಲೆ. ಕಾರಿನಲ್ಲಿರುವ ನಾಲ್ವರಲ್ಲಿ ಯಾರು ಬೇಡ ಅಂದರೂ ಬೇಡ. ಕಾರಣ ಕೇಳುವ ಹಾಗಿಲ್ಲ.

ಆ ಹುಡುಗಿ ಈಗ ಮದುವೆಯಾಗಿ ಹಾಸನದಲ್ಲಿದ್ದಾಳೆ. ಕೆಲಸ ಬಿಡುವ ದಿನ ಅವಳಿಗೆ ಒಂದು ಸೀರೆ ಕೊಟ್ಟೆ. ಯಾಕೆ ಮೇಡಂ ಇಷ್ಟು ದುಬಾರಿಯದು ಅಂದಳು. ಆ ಬೆಳಗಿನ ಮಾತು ಎತ್ತಲು ಹೋದೆ, ಗಂಟಲು ಕಟ್ಟಿತು. ಅವಳಿಗೂ ಅರ್ಥವಾಯಿತು ಅನ್ನಿಸುತ್ತದೆ.

2024ರ ಜುಲೈನಲ್ಲಿ ಕಬಿನಿ ಮತ್ತೆ ತುಂಬಿತು. ಒಂದು ರಾತ್ರಿ ಗುಂಪಿಗೆ ಮಂಟಪದ ಫೋಟೋ ಬಂತು. ಕಂಬಗಳ ಮುಕ್ಕಾಲು ಪಾಲು ಕಾಣುತ್ತಿರಲಿಲ್ಲ. ನಾಳೆ ಬೇಡ ಅಂತ ಮೊದಲು ಬರೆದದ್ದು ನಾನೇ. ಬೆಳಿಗ್ಗೆ ಬೇಗ ಎಚ್ಚರವಾಯಿತು, ಬಿಸಿಲು ಚೆನ್ನಾಗಿತ್ತು. ಕಾರಿನ ಮೇಲೆ ಹೊಂಗೆ ಎಲೆ ಉದುರಿತ್ತು, ಒರೆಸಿದೆ. ಅಪ್ಪನಿಗೆ ಫೋನ್ ಮಾಡಿ ಇವತ್ತು ಮನೆಯಲ್ಲೇ ಇದ್ದೀನಿ ಅಂದೆ. ಆ ದಿನ ಮಲ್ಲನಮೂಲೆಯಲ್ಲಿ ನೀರು ರಸ್ತೆಗೆ ಹತ್ತಿತ್ತೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ.